ಚರಗದ ದಿನ ಹೆಚ್ಚಿಗೆ ಇಟ್ಟ ಎಡೆ

ಸುರೇಬಾನದ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಹೊಸ ಯಂತ್ರ ಕೂಡಿಸಲು ಜಪಾನಿನಿಂದ ಬಂದಿದ್ದ ವಯಸ್ಸಾದ ಎಂಜಿನಿಯರ್ ಒಬ್ಬರನ್ನು ಎಳ್ಳ ಅಮಾವಾಸ್ಯೆಯ ದಿನ ಬೆಳೆದ ಪೈರಿಗೆ ಹಬ್ಬದಡುಗೆ ಎರಚುವ ಚರಗಕ್ಕೆಂದು ನಮ್ಮ ಹೊಲಕ್ಕೆ ಕರೆದೆ. ಅವರು ಫೋನಿಗೆ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಅದು ಪುಸ್ತಕದ ಕನ್ನಡದಲ್ಲಿ ನಮಗೆ ಒಪ್ಪಿಸುತ್ತಿತ್ತು.

ಹೊಲದ ಮೂಲೆಯಲ್ಲಿ ನಮ್ಮ ಹಿರಿಯರ ಸಮಾಧಿಗಳಿವೆ. ನನ್ನ ಹೆಂಡತಿ ಅಲ್ಲಿ ಕಡಬು, ಸಜ್ಜೆ ರೊಟ್ಟಿಯ ಎಡೆ ಇಟ್ಟು ಕೈಮುಗಿದಳು. ಎಂಜಿನಿಯರು ಅದನ್ನು ನೋಡುತ್ತ ಫೋನಿಗೆ ಏನೋ ಹೇಳಿದರು. ಆಮೇಲೆ ಫೋನು ಹೇಳಿತು: "ಊರಿಗೆ ಹೋದ ಮೇಲೆ ನನ್ನ ತಾಯಿಯ ಸಮಾಧಿಯನ್ನು ತೆಗೆಸಬೇಕು."

"ಯಾಕ್ರೀ ಸಾಹೇಬ್ರ, ಜಾಗಾದ ತಂಟೆ ಏನರ ಐತೇನು?" ಎಂದೆ.

"ಜಾಗವಿದೆ, ಜನರಿಲ್ಲ. ಊರಿನ ಶಾಲೆ ಮುಚ್ಚಿತು, ಬಸ್ಸು ನಿಂತಿತು. ನನಗೆ ಮಕ್ಕಳಿಲ್ಲ, ನನ್ನ ನಂತರ ಸಮಾಧಿ ನೋಡಿಕೊಳ್ಳುವವರಿಲ್ಲ. ನನ್ನಂಥವರು ಈಗ ನಮ್ಮಲ್ಲಿ ಬಹಳ. ಅಸ್ಥಿಯನ್ನು ಪಟ್ಟಣದ ಬೌದ್ಧ ಗುಡಿಗೆ ಒಪ್ಪಿಸುತ್ತೇವೆ. ಅಲ್ಲಿ ಎಲ್ಲರದೂ ಒಟ್ಟಿಗೆ ಇರುತ್ತದೆ."

ಹೆಂಡತಿ, "ನಿಮ್ಮ ಅವ್ವಾರ ಹೆಸರೇನ್ರಿ?" ಎಂದು ಕೇಳಿದಳು.

"ಫುಮಿ." ಅದನ್ನು ಅವರು ಫೋನಿಲ್ಲದೆ ಹೇಳಿದರು.

ಆಕೆ ಇನ್ನೊಂದು ಎಲೆ ಹಾಕಿ, ಆ ಹೆಸರು ಹೇಳಿ ಎಡೆ ಇಟ್ಟಳು. ಅವರು ತಲೆ ಬಾಗಿಸಿದವರು ಎಷ್ಟೋ ಹೊತ್ತು ಎತ್ತಲಿಲ್ಲ.

ಮರುವರ್ಷ ಅವರಿಂದ ಒಂದು ಫೋಟೊ ಬಂತು. ಸಮಾಧಿ ಇದ್ದಲ್ಲಿ ಬರೀ ಮಣ್ಣಿತ್ತು. "ಇನ್ನ ಅವ್ರ ಅವ್ವಾರ ಹೆಸರಿನ ಎಡಿ ನಾವು ಬಿಟ್ರ ನಡೀತೈತೇನು?" ಎಂದು ಹೆಂಡತಿಯನ್ನು ಕೇಳಿದೆ.

"ಒಮ್ಮೆ ಹಿಡದ ಎಡಿ ಬಿಡೂಹಂಗಿಲ್ರಿ," ಎಂದಳು.

ಇಡುತ್ತ ಬಂದಿದ್ದೇವೆ. ನಮಗೂ ಇರುವವಳು ಒಬ್ಬಳೇ ಮಗಳು, ಬೈಲಹೊಂಗಲಕ್ಕೆ ಕೊಟ್ಟಿದ್ದೇವೆ. ಆಕೆಗೆ ಎಡೆ ಇಡಲು ಗಂಡನ ಮನೆಯ ಹಿರಿಯರೇ ಸಾಕಷ್ಟಿದ್ದಾರೆ. ಫುಮಿ ಅವ್ವಾರ ಸಂಗತಿ ಆಕೆಗೆ ಇನ್ನೂ ಹೇಳಿಲ್ಲ.