ಸೊನ್ನೆ ತೋರಿಸಿದ ಮೀಟರ್

ಕೊಲ್ಹಾಪುರದ ನಮ್ಮ ಪ್ಲಾಸ್ಮಾ ಪ್ರಯೋಗಾಲಯದಲ್ಲಿ ಕೂದಲೆಳೆಯಂಥ ತಂತಿಗೆ ಒಮ್ಮೆಲೇ ಭಾರಿ ವಿದ್ಯುತ್ತು ಹರಿಸುತ್ತೇವೆ. ಕಣ್ಣು ಮಿಟುಕಿಸುವುದರೊಳಗೆ ತಂತಿ ಆವಿಯಾಗಿ, ಉರಿಯುವ ಪ್ಲಾಸ್ಮಾ ಆಗುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು ದೊಡ್ಡ ಕೆಪಾಸಿಟರ್‌ಗಳಲ್ಲಿ ಮೊದಲೇ ತುಂಬಿಟ್ಟಿರುತ್ತೇವೆ.

ಅವತ್ತು ಹೊಸ ವಿದ್ಯಾರ್ಥಿಗಳಿಗೆ ತೋರಿಸಲು ನಾನೇ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮೇನ್ ಸ್ವಿಚ್ ಆರಿಸಿ ನೋಡಿದರೆ ಕೆಪಾಸಿಟರಿನ ಮೀಟರ್ ಸೊನ್ನೆ ತೋರಿಸುತ್ತಿತ್ತು. ತಂತಿ ಸಡಿಲಾಗಿರಬೇಕೆಂದು ಯಂತ್ರದ ಸುತ್ತ ಹಾಕಿದ್ದ ತಂತಿ ಜಾಳಿಗೆಯ ಬಾಗಿಲು ತೆರೆದು ಕೈ ಚಾಚಿದೆ.

"ತಡೀರಿ ಸರ್," ಎಂದು ರೇಣುಕಾ ನನ್ನ ತೋಳು ಹಿಡಿದಳು. ಇಚಲಕರಂಜಿಯ ಶಹಾಪುರದಲ್ಲಿ ವಿದ್ಯುತ್ ಮಗ್ಗದ ಶೆಡ್ಡುಗಳ ನಡುವೆ ಬೆಳೆದ ನೇಕಾರರ ಹುಡುಗಿ. ನಮ್ಮಲ್ಲಿ ಸೇರಿ ಎರಡು ವಾರವಾಗಿತ್ತು. "ಅರ್ಥಿಂಗ್ ಕೋಲು ಮುಟ್ಟಿಸಿಲ್ರಿ."

"ಮೀಟರ್ ಸೊನ್ನಿ ತೋರಸಾಕತ್ತೈತಲ್ಲವಾ."

"ಮೀಟರ್ ನಂಬಿ ಕೈ ಹಾಕಬ್ಯಾಡ್ರಿ."

ಉಳಿದವರೆಲ್ಲ ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ಆದರೂ ಹಿಂದೆ ಸರಿದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿಯುವ ವಿದ್ಯುತ್ತನ್ನು ನೆಲಕ್ಕಿಳಿಸುವ ಆ ಉದ್ದನೆಯ ಕೋಲನ್ನು ಅವಳು ಗೋಡೆಯಿಂದ ತೆಗೆದು ತಂದು, ನಾನು ಮುಟ್ಟಲಿದ್ದ ಜಾಗಕ್ಕೇ ತಾಗಿಸಿದಳು. ಗುಂಡು ಹಾರಿದಂಥ ಸದ್ದಾಗಿ ಕಿಟಕಿಯ ಗಾಜುಗಳು ನಡುಗಿದವು. ಮೀಟರಿನ ವೈರು ಕಳಚಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಕೆಪಾಸಿಟರ್ ಪೂರ್ತಿ ತುಂಬಿಯೇ ಇತ್ತು.

ಸ್ಟೂಲು ಎಳೆದುಕೊಂಡು ಕುಳಿತೆ. ಹುಟ್ಟಿ ಬೆಳೆದ ಶೆಡ್ಡಿನಲ್ಲಿ ಅಪ್ಪನೋ ಅಣ್ಣನೋ ಹೇಳಿಕೊಟ್ಟಿರಬೇಕು ಎಂದುಕೊಂಡು, "ಇದನ್ನ ನಿನಗ ಯಾರು ಕಲಿಸಿದ್ರವಾ?" ಎಂದು ಕೇಳಿದೆ.

"ನೀವ ಕಲಿಸೀರಲ್ರೀ ಸರ್, ಹೋದ ಸೋಮವಾರ," ಎಂದಳು.

ಈಗ ಆ ಪಾಠವನ್ನು ಅವಳೇ ಮಾಡುತ್ತಾಳೆ. ನಾನೂ ತಪ್ಪದೆ ಹೋಗಿ ಕೂಡುತ್ತೇನೆ, ಹಾಜರಿ ಹಾಕಿಸಿಕೊಂಡೇ.