ರೀಲು ಕೊಟ್ಟುಬಿಡುವ ಶಾಹಜಾನಬಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫೋಟೋ ಅಂಗಡಿಗಳಿಗೆ ಬರವಿಲ್ಲ. ಅದಿರಿನ ದುಡ್ಡು ಊರಿಗೆ ನುಗ್ಗಿದ ಆ ವರ್ಷಗಳಲ್ಲಂತೂ ಕ್ಯಾಮೆರಾ ಹಿಡಿದವನೆಲ್ಲ ಸಾಹುಕಾರ. ಒಂದು ಮದುವೆಗೆ ನಾಲ್ಕು ಕ್ಯಾಮೆರಾ, ಒಂದು ಕ್ರೇನು, ಮಂಟಪದ ಪಕ್ಕದಲ್ಲಿ ಸಿನಿಮಾದಷ್ಟು ದೊಡ್ಡ ಪರದೆ. ಮದುಮಗಳ ಕಣ್ಣೀರನ್ನೂ ಹತ್ತಡಿ ಎತ್ತರ ಮಾಡಿ ಊಟದ ಪಂಕ್ತಿಗೆ ತೋರಿಸುತ್ತಿದ್ದರು. ಅದೇ ಬಜಾರಿನಲ್ಲಿ ಶಾಹಜಾನಬಿ ಹಳೆಯ ರೀಲಿನ ಕ್ಯಾಮೆರಾ ಹಿಡಿದು ಕಪ್ಪು ಬಿಳುಪು ಪಟ ತೆಗೆಯುತ್ತಿದ್ದಳು. ಜನ ನಗುತ್ತಿದ್ದರು. ನಗಲಿ ಬಿಡಿ, ಆಡುವವರ ಬಾಯಿಗೆ ಬೀಗ ಹಾಕುವವರು ಯಾರು.

ಅಂಗಡಿ ಗಂಡ ಮಹಮ್ಮದ್ ಗೌಸನದು. ಮದುವೆಗಳಲ್ಲಿ ಗಂಡಸರ ಕಡೆಯ ಪಟ ಅವನದೇ. ಹೆಂಗಸರ ಕಡೆಗೆ ಅವನನ್ನು ಯಾರು ಬಿಟ್ಟಾರು? ‘ನೀನ ಹೋಗು’ ಎಂದು ಹೆಂಡತಿಯ ಕೈಗೆ ಕ್ಯಾಮೆರಾ ಕೊಟ್ಟ. ಆಗ ಅವಳಿಗೆ ಇಪ್ಪತ್ನಾಲ್ಕು. ಮೊದಲ ಮದುವೆಯಲ್ಲೇ ಮದುಮಗಳ ಸೋದರತ್ತೆ ಅಡ್ಡ ನಿಂತು ಕೇಳಿದಳು: “ನೀ ಹೆಣ್ಮಗಳು, ಖರೆ. ಆದ್ರ ಈ ಪಟ ತೊಳ್ಯಾವ ಯಾರು?” ಬಣ್ಣದ ರೀಲಾದರೆ ಲ್ಯಾಬಿಗೆ ಹೋಗಬೇಕು, ಅಲ್ಲಿ ಹತ್ತು ಗಂಡಸರ ಕಣ್ಣು ಬೀಳುತ್ತದೆ. ಕಪ್ಪು ಬಿಳುಪಾದರೆ ಮನೆಯ ಕತ್ತಲೆ ಕೋಣೆಯಲ್ಲಿ ತಾನೇ ತೊಳೆಯಬಹುದು. ಹಾಗೇ ತೊಳೆದಳು. ಪಟಗಳ ಜೊತೆ ರೀಲನ್ನೂ ಲಕೋಟೆಗೆ ಹಾಕಿ ಮದುಮಗಳ ತಾಯಿಯ ಕೈಗೇ ಕೊಟ್ಟುಬಿಟ್ಟಳು. ಅಂದಿನಿಂದ ಅದೇ ಪದ್ಧತಿ. ಡಿಜಿಟಲ್ ಬಂದ ಮೇಲೂ ಬಿಡಲಿಲ್ಲ. “ಅದನ್ನ ಕೊಟ್ರೂ ನಕಲು ನಮ್ಮ ಹತ್ರ ಉಳೀತೈತಿ. ಉಳಿಯೋದನ್ನ ಕೊಟ್ಟೆ ಅನ್ನಾಕ ಹೆಂಗ ಬರತೈತಿ?” ಎನ್ನುತ್ತಿದ್ದಳು.

ಆ ಮಾತಿನ ಮೇಲೆ ನಂಬಿಕೆ ಹಬ್ಬಿತು. ಸಿರುಗುಪ್ಪದಿಂದ ಕರೆ ಬಂತು, ಕುರುಗೋಡಿನ ಲಿಂಗಾಯತರ ಮನೆಗಳವರೂ ಬಸುರಿಯರ ಕುಬುಸದ ಶಾಸ್ತ್ರಕ್ಕೆ ಅವಳನ್ನೇ ಕರೆದರು. ಅವಳು ಮೂಲೆಯಲ್ಲಿ ಕೂತರೆ ಹೆಂಗಸರು ಅವಳನ್ನು ಮರೆತೇಬಿಡುತ್ತಿದ್ದರು. ಆಮೇಲೆ ಆ ಪಟಗಳಲ್ಲಿ ತಮ್ಮನ್ನು ನೋಡಿ ತಾವೇ ಬೆರಗಾಗುತ್ತಿದ್ದರು. ಪಟ ಒಣಗುವಾಗ ಅದಿರಿನ ಲಾರಿಗಳ ಕೆಂಪು ಧೂಳು ಒಳಗೆ ಬಾರದಂತೆ ಬಾಗಿಲಿಗೆ ಒದ್ದೆ ಚಾದರ ಕಟ್ಟುತ್ತಿದ್ದಳು. ಅಂಥ ಶ್ರದ್ಧೆ ಈಗ ಹುಡುಕಿದರೂ ಸಿಗುವುದಿಲ್ಲ.

ಒಂದು ದಿನ ಅಕ್ಷತಾ ಅಂಗಡಿಗೆ ಬಂದಳು. ಕುರುಗೋಡಿನ ಸೊಸೆ, ಬಳ್ಳಾರಿಯಲ್ಲಿ ಕಾಲೇಜು ಉಪನ್ಯಾಸಕಿ. ಅವಳ ಕುಬುಸದ ಪಟ ಶಾಹಜಾನಬಿಯೇ ತೆಗೆದದ್ದು. ಕೈಯಲ್ಲಿ ಒಂದು ಅರ್ಜಿ. ಕ್ಯಾಮೆರಾ ಹಿಡಿದ ಹೆಂಗಸರಿಗೆಂದೇ ಬೆಂಗಳೂರಿನ ಒಂದು ಸಂಸ್ಥೆ ವರ್ಷಕ್ಕೊಂದು ಬಹುಮಾನ ಕೊಡುತ್ತದಂತೆ.

“ಹೊಸಬರಿಗೆ ಕೊಡಾರು ಭಾಳ ಮಂದಿ ಅದಾರ, ವಯಸ್ಸಾದೋರಿಗೆ ಶಾಲು ಹೊದಿಸಾರೂ ಅದಾರ. ಹದಿನೈದಿಪ್ಪತ್ತು ವರ್ಷ ದುಡಿದು ನಡುದಾರ್‍ಯಾಗ ಇರೋ ನಿಮ್ಮಂಥೋರಿಗೆ ಇದೊಂದ ಐತಿ, ಶಾಹಜಾನಕ್ಕ. ಬ್ಯಾರೆ ಬ್ಯಾರೆ ಮನಿಯವು ಹನ್ನೆರಡು ಪಟ ಕಳಿಸ್ಬೇಕು.”

ಶಾಹಜಾನಬಿ ನಕ್ಕು ಅರ್ಜಿಯನ್ನು ಗಲ್ಲಾದ ಕೆಳಗೆ ತಳ್ಳಿದಳು. ಅಕ್ಷತಾ ಹೋದ ಮೇಲೆ ತೆಗೆದು ಮೂರು ಸಲ ಓದಿದಳು. ಮೊದಲ ಸಾಲೇ ‘ಕಲಾವಿದೆಯ ಹೆಸರು’. ಹದಿನೇಳು ವರ್ಷ ಅವಳನ್ನು ‘ಗೌಸ್ ಸಾಹೇಬರ ಮನೆಯವರು’ ಎಂದೇ ಕರೆದಿದ್ದರು. ಆ ಬಹುಮಾನ ಅವಳಿಗೆ ಬೇಕಾಗಿತ್ತು. ಹಾಗೆ ಬೇಕೆನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಬೇಕಾಗಿತ್ತು.

ಅಂಗಡಿಯನ್ನೆಲ್ಲ ತಡಕಿದರೆ ಸಿಕ್ಕಿದ್ದು ಪಾಸ್‌ಪೋರ್ಟ್ ಸೈಜಿನ ಪಟಗಳು ಮಾತ್ರ. “ಇಷ್ಟು ವರ್ಷ ದುಡಿದೀನಿ, ತೋರ್ಸಾಕ ಒಂದು ತುಣುಕಿಲ್ಲ ನೋಡ್ರಿ” ಎಂದಳು.

“ಕೊಟ್ಟೋರ ಮನಿ ನಿನಗ ಗೊತ್ತೈತಲ್ಲ. ಹೋಗಿ ಕೇಳು,” ಎಂದ ಗೌಸ್.

ಒಂದು ತಿಂಗಳು ಬಸ್ಸು ಹತ್ತಿ ಇಳಿದಳು. ದೇಶನೂರಿನ ಆಯೇಶಾ ಭತ್ತದ ಚೀಲಗಳ ಹಿಂದಿನಿಂದ ಟ್ರಂಕು ಎಳೆದು, “ಇಷ್ಟು ದಿನ ನಮ್ಮ ಮಾನ ಕಾದೀ, ಒಯ್ಯಿ,” ಎಂದು ಲಕೋಟೆ ಕೊಟ್ಟಳು. ಕುರುಗೋಡಿನಲ್ಲಿ ಅಕ್ಷತಾಳ ಅತ್ತೆ ಚನ್ನವೀರಮ್ಮ ಒಂದು ಷರತ್ತು ಹಾಕಿದಳು: “ನಮ್ಮ ಸೊಸಿಗಿಂತ ನಾನ ಚಲೋ ಕಾಣೋ ಪಟ ಕಳಿಸಬೇಕವ್ವ.” ಒಂದು ಮನೆಯಲ್ಲಿ ಮಕ್ಕಳು ರೀಲನ್ನು ಸೂರ್ಯಗ್ರಹಣ ನೋಡಲು ಕತ್ತರಿಸಿ ಹಂಚಿಕೊಂಡಿದ್ದವು. ಅಂತೂ ಹನ್ನೊಂದು ಕೂಡಿದವು.

ಹನ್ನೆರಡನೆಯದು ಸಿರುಗುಪ್ಪದ ಮೌಲಾಬಿಯ ಮನೆಯಲ್ಲಿತ್ತು. ಮೌಲಾಬಿಯ ಮಗಳು ಸುಹಾನಾಳ ಮದುವೆ, ಅರಿಶಿನದ ದಿನ. ಮೌಲಾಬಿಯ ಮುದಿ ತಾಯಿ, ಜೀವಮಾನದಲ್ಲಿ ತಲೆಯ ಸೆರಗು ಜಾರಗೊಡದವಳು, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಿಳಿಗೂದಲು ಬಿಚ್ಚಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು. ಅಂಥ ಪಟ ಇನ್ನೊಂದು ತನ್ನ ಕೈಯಿಂದ ಆಗದೆಂದು ಗುಂಡಿ ಒತ್ತಿದಾಗಲೇ ಶಾಹಜಾನಬಿಗೆ ಗೊತ್ತಾಗಿತ್ತು.

ಮೌಲಾಬಿ ಒಪ್ಪಲಿಲ್ಲ. “ನಂದು ಕೇಳಿದ್ರ ಮಾತು ಬ್ಯಾರೆ, ಶಾಹಜಾನ್. ಅಮ್ಮಂದು ಹೆಂಗ ಕೊಡ್ಲಿ? ಹೂಂ ಅನ್ನಾಕ ಅಕಿ ಇಲ್ಲ.” ಮುದುಕಿ ತೀರಿಕೊಂಡು ಎರಡು ವರ್ಷವಾಗಿತ್ತು.

ಶಾಹಜಾನಬಿ ಒತ್ತಾಯ ಮಾಡದೆ ಎದ್ದಳು. ಬಸ್ ನಿಲ್ದಾಣಕ್ಕೆ ಸುಹಾನಾ ಓಡಿ ಬಂದಳು, ತವರಿಗೆ ಬಂದಿದ್ದಳು. “ಖಾಲಾ, ತಗೋರಿ. ಅಮ್ಮಿಗೆ ಗೊತ್ತಾಗಂಗಿಲ್ಲ. ಅಕಿ ನನಗೂ ಅಜ್ಜಿ ಅಲ್ಲೇನು?” ಎಂದು ಲಕೋಟೆ ಕೈಗೆ ತುರುಕಿದಳು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ, ತೆಗೆದುಕೊಂಡಳು.

ಮೂರು ದಿನ ಆ ರೀಲು ಅವಳನ್ನು ಕಾಡಿತು. ಕಾಗದ ಕತ್ತರಿಸಿಟ್ಟಿತ್ತು, ಪಟ ತೊಳೆಯುವ ಔಷಧಿ ಬೆರೆಸಿಟ್ಟಿತ್ತು, ಅರ್ಜಿಗೆ ಆರೇ ದಿನ ಉಳಿದಿತ್ತು. ಸಿರುಗುಪ್ಪದ ಮುದುಕಿಯ ಗುರುತು ಬೆಂಗಳೂರಿನಲ್ಲಿ ಯಾರಿಗಿದೆ ಎಂದು ಮನಸ್ಸು ವಕೀಲಿ ಮಾಡಿತು. ಆದರೆ ಆ ದಿನ ಸೆರಗು ತೆಗೆಯುವ ಮೊದಲು ಮುದುಕಿ ಕೇಳಿದ್ದಳು: “ಇದನ್ನ ಹೊರಗಿನೋರು ಯಾರೂ ನೋಡಂಗಿಲ್ಲ, ಹೌದಿಲ್ಲ?” ‘ಇಲ್ಲ, ನಾನಿ’ ಎಂದಿದ್ದಳು ಇವಳು. ಆ ಮಾತು ಸಿಕ್ಕಿದ್ದಕ್ಕೇ ಮುದುಕಿ ಹಾಗೆ ನಕ್ಕದ್ದು. ಮಾತು ಮುರಿದರೆ ಆ ನಗು ಕದ್ದ ಮಾಲಾಗುತ್ತದೆ.

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿ, ಲಕೋಟೆಯನ್ನು ಮೌಲಾಬಿಯ ಕೈಗೇ ಕೊಟ್ಟಳು. “ಸುಹಾನಾನ ಬೈಬ್ಯಾಡ್ರಿ. ತಗೊಂಡ ತಪ್ಪು ನಂದು. ಪ್ರಿಂಟು ಹಾಕಿಲ್ಲ.” ಮೌಲಾಬಿ ಮುಖ ಬಿಗಿದುಕೊಂಡು ಒಳಗೆ ಹೋದಳು. ಚಹಾ ಕೂಡ ಕೇಳಲಿಲ್ಲ.

ಇನ್ನೊಂದು ಮನೆ ಹುಡುಕಲು ದಿನ ಉಳಿದಿರಲಿಲ್ಲ, ಹನ್ನೊಂದೇ ಪಟ ಹೋದವು. ಇಪ್ಪತ್ತು ದಿನಕ್ಕೆ ಕಾಗದ ಬಂತು: ಹನ್ನೆರಡು ಚಿತ್ರಗಳಿಲ್ಲದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಶಾಹಜಾನಬಿ ಕತ್ತಲೆ ಕೋಣೆಗೆ ಹೋಗಿ ಅತ್ತಳು. ಗೌಸ್ ಒದ್ದೆ ಚಾದರದ ಆಚೆ ಚಹಾ ಹಿಡಿದು ನಿಂತ.

ಆಮೇಲೊಂದು ಮಧ್ಯಾಹ್ನ ಮೌಲಾಬಿ ಮಗಳ ಜೊತೆ ಅಂಗಡಿಯ ಮೆಟ್ಟಿಲು ಹತ್ತಿದಳು. ಗೌಸ್ ತಾನೇ ಎದ್ದು ಹೊರಗೆ ಹೋದ. ಮೌಲಾಬಿ ಸ್ಟೂಲಿನ ಮೇಲೆ ಕೂತು, ಬುರ್ಖಾ ತೆಗೆದು ಮಗಳ ಕೈಗೆ ಕೊಟ್ಟಳು.

“ಲಕೋಟಿ ತಾನ ನಿನ್ನ ಕೈಯಾಗ ತುರುಕಿದ್ದು ಸುಹಾನಾ ಹೇಳಿದ್ಲು. ಬರೋ ವರ್ಷಾನೂ ಕೊಡ್ತಾರಂತಲ್ಲ ಬಹುಮಾನ. ನಂದು ತೆಗಿ.”

“ಹೊರಗಿನೋರು ನೋಡ್ತಾರ್ರಿ, ಅಕ್ಕ.”

“ನೋಡ್ಲಿ. ಹೂಂ ಅನ್ನಾಕ ನಾನು ಅದೀನಲ್ಲ.”

ಅವಳಿಗೆ ತಾಯಿಯಂತೆ ನಗಲು ಬರಲಿಲ್ಲ. ಗದ್ದ ಎತ್ತಿ ನೆಟ್ಟಗೆ ಕೂತಳು, ಹಣೆಯ ಮೇಲೆ ಬೆವರು. ಶಾಹಜಾನಬಿ ಒರೆಸಿಕೊಳ್ಳಿ ಎನ್ನಲಿಲ್ಲ, ಹಾಗೇ ತೆಗೆದಳು. ರೀಲು ಸುತ್ತಿ ಹೊರತೆಗೆದು, ರೂಢಿಯಂತೆ, “ಶುಕ್ರವಾರ ಬರ್ರಿ. ಪಟ, ರೀಲು ಎರಡೂ ಕೊಡ್ತೀನಿ,” ಎಂದಳು.

ಮೌಲಾಬಿ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಿದ್ದಳು. “ಪಟ ಕೊಡು,” ಎಂದಳು. “ರೀಲು ನೀನ ಇಟ್ಕೋ.”

ಅವರು ಹೋದ ಮೇಲೂ ಶಾಹಜಾನಬಿ ರೀಲು ಹಿಡಿದು ನಿಂತೇ ಇದ್ದಳು. ಅದನ್ನು ಎಲ್ಲಿಡಬೇಕೋ ಅವಳಿಗೆ ಗೊತ್ತಾಗಲಿಲ್ಲ. ಹದಿನೇಳು ವರ್ಷದಲ್ಲಿ ಹೆಂಗಸರ ರೀಲು ಇಡಲು ಆ ಅಂಗಡಿಯಲ್ಲಿ ಒಂದು ಡಬ್ಬಿಯೂ ಇರಲಿಲ್ಲ.