ಸುಧಾಕರಣ್ಣನ ಹಳದಿ ಬಟ್ಟೆ

ಅಂದು ಫೈನಲ್‌ನಲ್ಲಿ ಆ ಆಟಗಾರನನ್ನು ಎದುರಾಳಿ ತಡೆದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಸುಧಾಕರಣ್ಣ ಹಳದಿ ಬಟ್ಟೆ ಎಸೆದದ್ದು ನೆನಪಿದೆ. ಅದೂ ಆಮೇಲೆ ಜನ ಹೇಳಿ ಹೇಳಿ ಕೂಡಿಕೊಂಡ ನೆನಪಿರಬಹುದು. ನನಗೆ ಬಂದ ಸಿಟ್ಟಿನ ಬಗ್ಗೆ ಅಂಥ ಅನುಮಾನವಿಲ್ಲ.

ಕುವೈತಿನ ಶುಐಬಾದ ಕಾರ್ಖಾನೆಯಲ್ಲಿ ಪೈಪುಗಳ ವೆಲ್ಡಿಂಗ್ ತಪಾಸಣೆ ಅವರ ಕೆಲಸ. ಊರಲ್ಲಿ, ಉಡುಪಿ ಕಡೆ, ಹದಿನೈದು ವರ್ಷ ಕಬಡ್ಡಿ ಅಂಪೈರ್ ಆಗಿದ್ದವರು. ಇಲ್ಲಿ ಶುಕ್ರವಾರ ಸಂಜೆ ಅಮೆರಿಕನ್ ಫುಟ್‌ಬಾಲ್ ಆಡುವವರಿಗೆ ತೀರ್ಪುಗಾರರು ಸಿಗದೆ ನಮ್ಮಿಬ್ಬರನ್ನೂ ಗೆರೆಯ ಬಳಿ ನಿಲ್ಲಿಸಿದ್ದರು. ನಾನು ನಿಯಮಪುಸ್ತಕ ಓದಿದವನು, ಅವರು ನನ್ನಿಂದ ಓದಿಸಿ ಕೇಳಿದವರು.

ಅವರಿಗೆ ಕಷ್ಟವಾದದ್ದು ಒಂದೇ. ಕಬಡ್ಡಿಯಲ್ಲಿ ಬೆರಳ ತುದಿ ತಾಗಿದರೂ ಔಟ್. ಇಲ್ಲಿ ಚೆಂಡು ಹಿಡಿಯಲು ಓಡುವವನಿಗೆ ಎದುರಾಳಿಯ ಕೈ ತಾಗಬಹುದು. ಆದರೆ ಚೆಂಡು ತಲುಪುವ ಮೊದಲೇ ಅವನನ್ನು ತಡೆಯಬಾರದು. ತಡೆದರೆ ತೀರ್ಪುಗಾರ ಹಳದಿ ಬಟ್ಟೆ ಎಸೆಯಬೇಕು. ಮೊದಲ ತಿಂಗಳು ಸುಧಾಕರಣ್ಣ ಕೈ ತಾಗಿದಾಗಲೆಲ್ಲ ಎಸೆದರು. ಆಟಗಾರರು 'ಕಬಡ್ಡಿ ಭಾಯಿ' ಎಂದು ಹೆಸರಿಟ್ಟರು. ಅವರೂ ನಕ್ಕರು. ರಿಗ್ಗೈ ಬಡಾವಣೆಯ ತಮ್ಮ ಕೋಣೆಯಲ್ಲಿ ಮೊಬೈಲಿನಲ್ಲಿ ಆಟ ನೋಡಿ ನೋಡಿ ಕಲಿತರು. ಒಂದು ದಿನ ಹೇಳಿದರು:

"ಕೈ ನೋಡ್ಬೇಡ ಮಾರಾಯ. ಓಡುವವನ ಸೊಂಟ ನೋಡು. ತಡೆದ್ರೆ ಸೊಂಟ ತಿರುಗ್ತದೆ."

ಯಾವ ಪುಸ್ತಕದಲ್ಲೂ ನಾನು ಓದದ ಮಾತು. ಆಮೇಲೆ ಅವರ ಬಟ್ಟೆ ನೆಲಕ್ಕೆ ಬೀಳುವುದೇ ಅಪರೂಪವಾಯಿತು.

ಫೈನಲ್‌ನ ಕೊನೆಯ ನಿಮಿಷದಲ್ಲಿ ಬಿತ್ತು. ತಪ್ಪು ಹೊತ್ತ ತಂಡದ ನಾಯಕ ನನ್ನ ಆಫೀಸಿನ ಮ್ಯಾನೇಜರ್. ಇದು ನಿನ್ನ ಕಬಡ್ಡಿಯಲ್ಲ ಎಂದು ಸುಧಾಕರಣ್ಣನ ಮುಖಕ್ಕೇ ಬಂದು ಕೂಗಿದ. ಮುಖ್ಯ ತೀರ್ಪುಗಾರ ನೀನೇನು ಕಂಡೆ ಎಂದು ನನ್ನನ್ನು ಕೇಳಿದ. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಅದರ ನವೀಕರಣದ ಕಾಗದ ಆ ವಾರ ಅದೇ ಮ್ಯಾನೇಜರನ ಸಹಿಗೆ ಕಾದಿತ್ತು. ದೂರವಿದ್ದೆ, ಕಾಣಿಸಲಿಲ್ಲ ಎಂದೆ.

ತೀರ್ಪು ರದ್ದಾಯಿತು. ಸುಧಾಕರಣ್ಣ ಬಗ್ಗಿ ಬಟ್ಟೆ ಎತ್ತಿಕೊಂಡರು. ಇನ್ನು ಬರಬೇಡಿ ಎಂದು ಎರಡೇ ದಿನದಲ್ಲಿ ಅವರ ಮೊಬೈಲಿಗೆ ಸಂದೇಶ, ಖಲಾಸ್. ಎರಡು ವರ್ಷ ಬಿಸಿಲಲ್ಲಿ ನಿಂತವರಿಗೆ ಒಂದು ಧನ್ಯವಾದವೂ ಇಲ್ಲ. ಅರ್ಧ ಕ್ಷಣದಲ್ಲಿ ತೀರ್ಪು ಬೇಕು ಎನ್ನುತ್ತಾರೆ. ಕೊಟ್ಟರೆ ಕೊಟ್ಟವನ ಊರಿನ ಆಟವನ್ನೇ ಬೈಗುಳ ಮಾಡುತ್ತಾರೆ. ಅಲ್ಲಿದ್ದ ಒಬ್ಬನೂ ಅವರ ಪರ ನಿಲ್ಲಲಿಲ್ಲ, ನಾನೂ ಸೇರಿ.

ಆ ವರ್ಷವೇ ಅವರು ಕೆಲಸ ಮುಗಿಸಿ ಊರಿಗೆ ಹೊರಟರು. ಪೆಟ್ಟಿಗೆ ಕಟ್ಟಲು ಹೋಗಿದ್ದೆ. ಹಗ್ಗ ಬಿಗಿಯುತ್ತಾ ಅಂದರು:

"ಕಾಣದ್ದನ್ನು ಕಂಡೆ ಅಂತ ನೀನು ಹೇಳ್ಲಿಲ್ಲ. ಅಂಪೈರ್ ಆದವ ಹಾಗೇ ಇರ್ಬೇಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರನ್ನು ಮತ್ತೆ ನೋಡಿಲ್ಲ.

ಈಚೆಗೆ ಆಟಗಾರನೊಬ್ಬ ಆ ದಿನದ ವಿಡಿಯೋ ಕಳಿಸಿದ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೊಂಟ ತಾನಾಗಿ ತಿರುಗಿತೋ, ಕೈ ತಿರುಗಿಸಿತೋ, ಹೇಳಲಾಗುವುದಿಲ್ಲ. ಮೈದಾನದ ಗಜದ ಗೆರೆಗಳನ್ನು ಮಾತ್ರ ಎಣಿಸಬಹುದಿತ್ತು, ಎಣಿಸಿದೆ. ಸುಧಾಕರಣ್ಣ ಆ ಆಟಗಾರನಿಂದ ಹನ್ನೊಂದು ಗಜ ದೂರದಲ್ಲಿದ್ದರು. ನಾನಿದ್ದದ್ದು ನಾಲ್ಕು ಗಜದಲ್ಲಿ, ಅತ್ತ ಮುಖ ಮಾಡಿಯೇ.